ಮಳೆಗಾಲದಲ್ಲಿ ಬಂದ ಬೀಗಲ್ ಮರಿಗೆ ಊರು ತೋರಿಸಿದ್ದು

ಮಲೆನಾಡಿನಲ್ಲಿ ನಾಯಿಮರಿ ತರುವವರಿಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಮಳೆ ಹಿಡಿಯುವ ಹೊತ್ತಿಗೆ ಮರಿ ಮನೆಗೆ ಬಂದರೆ, "ಮಳೆ ಬಿಡಲಿ, ಆಮೇಲೆ ಹೊರಗೆ ಕರೆದುಕೊಂಡು ಹೋದರಾಯ್ತು" ಅಂತ ಕಾಯಬೇಡಿ. ಮಳೆ ಬಿಡುವಷ್ಟರಲ್ಲಿ, ಮರಿ ಹೊಸ ಜನರನ್ನೂ ಹೊಸ ಸದ್ದುಗಳನ್ನೂ ಸುಲಭವಾಗಿ ಒಪ್ಪಿಕೊಳ್ಳುವ ಕಾಲವೇ ಮುಗಿದುಹೋಗಿರುತ್ತದೆ.

ಮರಿಗೆ 3 ವಾರ ತುಂಬಿದಾಗಿನಿಂದ ಸುಮಾರು 12-14 ವಾರದವರೆಗೆ ಆ ಕಾಲ. ಆಗ ಕಂಡ ಮನುಷ್ಯರು, ಕೇಳಿದ ಸದ್ದು, ಮೂಗಿಗೆ ಬಡಿದ ವಾಸನೆ ಎಲ್ಲವೂ ಮಾಮೂಲಿ ಅಂತ ಅದರ ಲೆಕ್ಕಕ್ಕೆ ಸೇರುತ್ತವೆ. ಆ ವಯಸ್ಸು ದಾಟಿದ ಮೇಲೆ ಹೊಸತೇನು ಕಂಡರೂ ಮೊದಲು ಅನುಮಾನ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದವರು ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದರು. ಬೀಗಲ್ ಮತ್ತು ಕಾಕರ್ ಸ್ಪ್ಯಾನಿಯಲ್ ಮರಿಗಳನ್ನು ಎತ್ತರದ ಬೇಲಿಯೊಳಗೆ, ಮನುಷ್ಯರ ಒಡನಾಟ ಇಲ್ಲದ ಹಾಗೆ ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಕೆಲವು ಮರಿಗಳನ್ನು ಹೊರಗೆ ತಂದು ಒಂದೊಂದು ವಾರ ಜನರ ಜೊತೆ ಬಿಟ್ಟರು. 14 ವಾರದ ತನಕ ಯಾರ ಒಡನಾಟವೂ ಸಿಗದ ಮರಿಗಳು ಆಮೇಲೆ ಪೂರ್ತಿ ಹೆದರಿಕೆ ಬಿಡಲಿಲ್ಲ. 1961ರಲ್ಲಿ ಪ್ರಕಟವಾದ ಸಂಗತಿ ಇದು. ಓದಿದಾಗ ಆ ಮರಿಗಳನ್ನು ನೆನೆದು ನನಗೆ ಸಂಕಟವಾಯಿತು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ, ಯಾರೂ ಬೇಕು ಅಂತ ಮಾಡದಿದ್ದರೂ, ಮರಿಗಳು ಬೆಳೆಯುವುದು ಹೆಚ್ಚುಕಡಿಮೆ ಹಾಗೇ ಅಲ್ವಾ?

ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಹುಟ್ಟಿದ ಮರಿ ಜೂನ್, ಜುಲೈಗೆ ಮನೆಗೆ ಬರುತ್ತದೆ. ತೀರ್ಥಹಳ್ಳಿ ಕಡೆ ಆಗ ಮಳೆ ಸುರಿಯುತ್ತಿರುತ್ತದೆ. ಒಂಟಿ ಮನೆ, ಸುತ್ತ ತೋಟ. ನೆಂಟರು ಬರುವುದಿಲ್ಲ, ಮದುವೆ ಮುಂಜಿ ಇಲ್ಲ. ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಮರಿ ಕೊಟ್ಟಿಗೆ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿ ಬೆಳೆಯುತ್ತದೆ. ಮನೆಯ ನಾಲ್ಕು ಜನ, ಎರಡು ದನ, ಇಷ್ಟೇ ಅದರ ಲೋಕ. ಅಕ್ಟೋಬರ್‌ನಲ್ಲಿ ಬಿಸಿಲು ಬಂದು, ದೀಪಾವಳಿ ಬಂದು, ಅಡಿಕೆ ಕೊನೆ ಕೊಯ್ಯುವವರು ಬಂದಾಗ ಆ ಮರಿಗೆ ಐದಾರು ತಿಂಗಳು. ಬಂದವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ. "ನಮ್ಮ ನಾಯಿ ಬಹಳ ಜೋರು" ಅಂತ ಮನೆಯವರಿಗೆ ಸ್ವಲ್ಪ ಹೆಮ್ಮೆ. ಹಗಲೆಲ್ಲ ಕಟ್ಟಿ ಹಾಕಿ, ಹೊರಗಿನವರ ಮುಖ ತೋರಿಸದೆ ಸಾಕಿದರೆ ಒಳ್ಳೆಯ ಕಾವಲು ನಾಯಿ ಆಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ನನಗಂತೂ ಅಂಥ ನಾಯಿಯ ಕಣ್ಣಲ್ಲಿ ಕಾಣುವುದು ಬರೀ ಹೆದರಿಕೆ. ಹೆದರಿದ ನಾಯಿ ಕಳ್ಳನನ್ನೂ ಕಚ್ಚುತ್ತದೆ, ಶಾಲೆಯಿಂದ ಬರುವ ಮಗುವನ್ನೂ ಕಚ್ಚುತ್ತದೆ.

ನಮ್ಮ ಬೀಗಲ್ ಮರಿ ಜೋಗಿ ಮನೆಗೆ ಬಂದಿದ್ದೂ ಇಂಥದ್ದೇ ಮಳೆಯಲ್ಲಿ. ತಂಗಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸಾಕೋಣ ಅಂತ ತಂದ ಮರಿ ಅದು. ಅವಳು ಆಫೀಸಿಗೆ ಹೋದ ಕೂಡಲೇ ಕೂಗಲು ಶುರು ಮಾಡುತ್ತಿತ್ತು. ಅಕ್ಕಪಕ್ಕದವರು ಬಾಗಿಲು ತಟ್ಟಿದರು. ಕೊನೆಗೆ ಅವಳು ರಾತ್ರಿ ಬಸ್ಸಿನ ಬದಲು ಕಾರು ಮಾಡಿಕೊಂಡು ಅದನ್ನು ಊರಿಗೆ ತಂದಳು. ಎರಡು ತಿಂಗಳು ದಾಟಿತ್ತು. ಅಂದರೆ ನಮ್ಮ ಕೈಯಲ್ಲಿ ಉಳಿದಿದ್ದು ಕೆಲವೇ ವಾರ, ಅದೂ ಆಷಾಢದ ಮಳೆಯ ವಾರಗಳು.

ಬೀಗಲ್ ಹೌಂಡ್ ಜಾತಿಯದ್ದು, ಅಂದರೆ ಬೇಟೆ ನಾಯಿ. ನಮ್ಮ ರಾಜ್ಯದಲ್ಲಿ ಹೌಂಡ್ ಅಂದ ಕೂಡಲೇ ಎಲ್ಲರೂ "ಮುಧೋಳವಾ?" ಅಂತ ಕೇಳುತ್ತಾರೆ. ಕೇಳಬೇಕಾದ್ದೇ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ತಳಿ, ನಮ್ಮ ಬಾಗಲಕೋಟೆ ಜಿಲ್ಲೆಯದ್ದು. ಆದರೆ ಮುಧೋಳ ಕಣ್ಣಿನ ನಾಯಿ. ದೂರದ ಬಯಲಲ್ಲಿ ಓಡುವ ಪ್ರಾಣಿಯನ್ನು ನೋಡಿ ಬೆನ್ನಟ್ಟುತ್ತದೆ, ಬಾಯಿ ಮಾಡುವುದು ಕಡಿಮೆ. ಬೀಗಲ್ ಮೂಗಿನ ನಾಯಿ. ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆ ಅಂತ ಬೆಳೆಸಿದ ತಳಿ. ಹಿಂಡು ಹಿಂಡಾಗಿ ನೆಲ ಮೂಸುತ್ತಾ ಹೋಗುವುದು, ಜಾಡು ಸಿಕ್ಕಿದ ಕೂಡಲೇ ಉದ್ದಕ್ಕೆ ಕೂಗುವುದು, ಹಿಂದೆ ನಡೆದು ಬರುವ ಬೇಟೆಗಾರರು ಆ ಕೂಗು ಕೇಳಿ ದಾರಿ ಹಿಡಿಯುವುದು. ಪೊದೆಯಲ್ಲೂ ಕಾಣಲಿ ಅಂತ ಬಾಲದ ತುದಿ ಬಿಳಿ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50 ಲಕ್ಷದ ಆಸುಪಾಸು ಇದ್ದರೆ ಇದರ ಮೂಗಿನಲ್ಲಿ 20 ಕೋಟಿಗೂ ಜಾಸ್ತಿ ಅಂತ ಅಂದಾಜು. ಅಮೆರಿಕದ ಕೃಷಿ ಇಲಾಖೆ 1984ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಬೀಗಲ್‌ಗಳ ದಳವನ್ನೇ ಶುರು ಮಾಡಿತು. ಜನರ ಸೂಟ್‌ಕೇಸಿನಲ್ಲಿ ಹಣ್ಣು, ಮಾಂಸ ಅಡಗಿದ್ದರೆ ಮೂಸಿ ತೋರಿಸುವ ಕೆಲಸ. ಗುಂಪಿನ ನಡುವೆ ಶಾಂತವಾಗಿ ಕೆಲಸ ಮಾಡುತ್ತವೆ, ನೋಡಿದವರು ಹೆದರುವುದಿಲ್ಲ ಅಂತಲೇ ಆ ತಳಿಯನ್ನು ಆರಿಸಿದ್ದು.

ಹಟಮಾರಿ ಅಂತ ಬೀಗಲ್‌ಗೆ ಹೆಸರು ಬಂದಿರುವುದೂ ಆ ಮೂಗಿನಿಂದಲೇ. ಜಾಡು ಹಿಡಿದ ನಾಯಿ ಪ್ರತಿ ಹೆಜ್ಜೆಗೂ ಯಜಮಾನನ ಮುಖ ನೋಡುತ್ತಾ ನಿಂತರೆ ಮೊಲ ಸಿಗುತ್ತದೆಯೇ? ತಾನೇ ನಿರ್ಧಾರ ಮಾಡು, ಬಿಡಬೇಡ, ಕೂಗಿ ಹೇಳು. ನೂರಾರು ವರ್ಷ ಜನ ಇದನ್ನೇ ಆರಿಸಿ ಆರಿಸಿ ಬೆಳೆಸಿದ್ದಾರೆ. ಹಾಗಾಗಿ ಜೋಗಿ ಕರೆದಾಗ ಬರಲಿಲ್ಲ ಅಂದರೆ ಅದಕ್ಕೆ ನಮ್ಮ ಮೇಲೆ ಅಗೌರವ ಅಂತ ಅಂದುಕೊಳ್ಳುವುದು ಅನ್ಯಾಯ. ಮೂಗು ಕೆಲಸ ಮಾಡುವಾಗ ಕಿವಿಗೆ ಬಿದ್ದ ಮಾತು ತಲೆಗೆ ಹೋಗುವುದಿಲ್ಲ, ಅಷ್ಟೇ.

ಮೊದಲ ದಿನವೇ ಪಕ್ಕದ ಮನೆ ದೊಡ್ಡಮ್ಮ ಛತ್ರಿ ಹಿಡಿದು ದಣಪೆ (ಅಂಗಳದ ಬೇಲಿಬಾಗಿಲು) ದಾಟಿ ಬಂದರು. ಜೋಗಿ ಜಗಲಿಯ ತುದಿಗೆ ಓಡಿ, ಮುಂಗಾಲು ಊರಿ, ಕುತ್ತಿಗೆ ಮೇಲೆತ್ತಿ ಒಂದು ಕೂಗು ಕೂಗಿತು. ಅಂಗೈಯಷ್ಟು ಎದೆ, ಅದರಿಂದ ಅಷ್ಟು ದೊಡ್ಡ ಸದ್ದು.

"ಎಂತ ಮಾರಾಯ ಇದು, ನಾಯಿಯೋ ಶಂಖವೋ!" ಅಂದರು ದೊಡ್ಡಮ್ಮ.

ನಕ್ಕರು ನಿಜ, ಆದರೆ ಅವರ ಮುಖ ಸ್ವಲ್ಪ ಸಪ್ಪಗಾಗಿದ್ದು ಅಮ್ಮನಿಗೆ ಗೊತ್ತಾಯಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೊರಗೆ ಹೋಗಲು ಮಳೆ ಬಿಡದಿದ್ದರೆ ಹೊರಗಿನದ್ದನ್ನು ಜಗಲಿಗೆ ತರಬೇಕು. ಮಲೆನಾಡಿನ ಜಗಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಮೇಲೆ ಮಾಡು ಇದೆ, ಮುಂದೆ ಅಂಗಳ ಇದೆ, ಬರುವವರು ದಣಪೆಯ ಹತ್ತಿರದಿಂದಲೇ ಕಾಣುತ್ತಾರೆ. ಮರಿಗೆ ನೋಡಲು ಸಮಯ ಸಿಗುತ್ತದೆ. ಬೇಡ ಅನಿಸಿದರೆ ಒಳಗೆ ಓಡಲು ಬಾಗಿಲು ತೆರೆದಿರುತ್ತದೆ. ಈ ಬಾಗಿಲು ಬಹಳ ಮುಖ್ಯ. ಮರಿಯನ್ನು ಹಿಡಿದುಕೊಂಡು ಬಂದವರ ಮುಖದ ಹತ್ತಿರ ಒಡ್ಡಿ, "ನೋಡು ಮಾಮ, ಏನೂ ಮಾಡಲ್ಲ" ಅನ್ನುತ್ತೇವಲ್ಲ, ಅದರಿಂದ ಮರಿಗೆ ತಿಳಿಯುವುದು ಒಂದೇ: ಹೆದರಿಕೆಯಾದಾಗ ನಮ್ಮವರು ತಪ್ಪಿಸಿಕೊಳ್ಳಲು ಬಿಡುವುದಿಲ್ಲ.

ಮಳೆಗಾಲದಲ್ಲಿ ಮನುಷ್ಯರ ಆಕಾರವೇ ಬದಲಾಗುತ್ತದೆ. ಇದನ್ನು ನಾನು ಜೋಗಿಯ ಕಣ್ಣಿನಿಂದ ನೋಡಿದ ಮೇಲೆಯೇ ಗಮನಿಸಿದ್ದು. ಕಂಬಳಿಕೊಪ್ಪೆ ಹಾಕಿದವರಿಗೆ ತಲೆಯೂ ಹೆಗಲೂ ಒಂದೇ. ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ಹೊತ್ತು ನಾಟಿಗೆ ಬಗ್ಗಿದವರಿಗೆ ಮುಖವೇ ಇಲ್ಲ. ಉದ್ದದ ರೈನ್‌ಕೋಟು ನಡೆದರೆ ಸರಬರ ಸದ್ದು. ಜೊತೆಗೆ ಒದ್ದೆ ಕಂಬಳಿಯ ವಾಸನೆ, ಹೊಗೆಯ ವಾಸನೆ, ರಕ್ತ ಹೀರುವ ಉಂಬಳ ಹತ್ತದಿರಲಿ ಅಂತ ಕಾಲಿಗೆ ಹಚ್ಚಿಕೊಂಡ ಹೊಗೆಸೊಪ್ಪು ಸುಣ್ಣದ ಘಾಟು. ಎರಡು ತಿಂಗಳ ಮರಿ ಇದನ್ನೆಲ್ಲ ಒಟ್ಟಿಗೆ ಕಂಡರೆ ಕೂಗದೆ ಇನ್ನೇನು ಮಾಡಬೇಕು?

ನಮ್ಮಲ್ಲಿ ಗದ್ದೆ ಕೆಲಸಕ್ಕೆ ಬರುವ ಹೆಂಗಸೊಬ್ಬರು ಇದನ್ನು ಯಾರೂ ಹೇಳಿಕೊಡದೆ ಚೆನ್ನಾಗಿ ನಿಭಾಯಿಸಿದರು. ಜೋಗಿ ಕೂಗಲು ಶುರು ಮಾಡಿದ ಕೂಡಲೇ ಅವರು ಅಂಗಳದಲ್ಲೇ ನಿಂತರು. ಮುಂದೆ ಬರಲಿಲ್ಲ, "ಚೂ ಚೂ" ಅಂತ ಕರೆಯಲೂ ಇಲ್ಲ. ಗೊರಬು ಕೆಳಗಿಟ್ಟು, ಜಗಲಿಗೆ ಬೆನ್ನು ಓರೆ ಮಾಡಿ ಮೆಟ್ಟಿಲ ಮೇಲೆ ಕೂತು, ಎಲೆ ಅಡಿಕೆ ಚೀಲ ಬಿಚ್ಚಿದರು. ಅಮ್ಮನ ಜೊತೆ ಗದ್ದೆಯ ಮಾತು ಆಡುತ್ತಲೇ ಇದ್ದರು. ಜೋಗಿ ಕೂಗಿತು, ನಿಲ್ಲಿಸಿತು, ಮತ್ತೆ ಕೂಗಿತು. ಆಮೇಲೆ ಮೂಗು ಗೆದ್ದಿತು. ಕುತ್ತಿಗೆ ಉದ್ದ ಮಾಡಿ, ಹಿಂಗಾಲು ಹಿಂದೆಯೇ ಇಟ್ಟು, ಗೊರಬಿನ ಅಂಚು ಮೂಸಿತು. ಹಿಂದೆ ಹಾರಿತು. ಮತ್ತೆ ಬಂತು. ಅವರು ನೋಡದ ಹಾಗೇ ಕೈಯಿಂದ ಒಂದು ಚೂರು ಹಲಸಿನ ತೊಳೆಯನ್ನು ಮೆಟ್ಟಿಲ ಮೇಲೆ ಇಟ್ಟರು. ಅದು ತಿಂದು, ಅವರ ಸೀರೆಯ ಅಂಚು ಮೂಸಿ, ಅಲ್ಲೇ ಮಗ್ಗುಲಲ್ಲಿ ಕೂತಿತು. ಮಾರನೇ ದಿನ ಅವರು ಗೊರಬು ಹೊತ್ತೇ ಮೆಟ್ಟಿಲವರೆಗೆ ಬಂದರು. ಒಂದು ಸಣ್ಣ ಕೂಗು, ಮತ್ತೆ ಬಾಲ.

ನಾನು ಎಷ್ಟು ಓದಿದ್ದರೂ ಈ ಕೆಲಸದ ಮರ್ಮ ಕಂಡಿದ್ದು ಅವತ್ತು. ಬಂದವರು ಮರಿಯ ಹತ್ತಿರ ಹೋಗಬಾರದು, ಮರಿಯೇ ಬರಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಮೇಲಿನಿಂದ ತಲೆ ಸವರಬಾರದು. ದೂರ ಎಷ್ಟಿರಬೇಕು ಅಂತ ತಿಳಿಯಲು ಸುಲಭದ ಉಪಾಯ ಒಂದಿದೆ: ಅದಕ್ಕೆ ಇಷ್ಟದ ತಿಂಡಿ ಕೊಟ್ಟು ನೋಡುವುದು. ಬೀಗಲ್ ಹೊಟ್ಟೆಬಾಕ ಜಾತಿ. ಅದೇ ತಿಂಡಿ ಬೇಡ ಅಂದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಅಂತ ಅರ್ಥ. ನಾಲ್ಕು ಹೆಜ್ಜೆ ಹಿಂದೆ ಹೋಗಿ. ತಿಂದರೆ ಅಲ್ಲೇ ನಿಲ್ಲಿ. ನಾವು ಬಳಸುತ್ತಿದ್ದುದು ಬೇಯಿಸಿದ ಮೊಟ್ಟೆಯ ಚೂರು, ಗೆಣಸು, ಉಪ್ಪಿಲ್ಲದ ದೋಸೆಯ ತುಣುಕು. ಚೌತಿ ಹೊತ್ತಿಗೆ ಮಾತ್ರ ಮನೆಯವರಿಗೆಲ್ಲ ಹೇಳಿಟ್ಟಿದ್ದೆ: ಒಣದ್ರಾಕ್ಷಿ ಹಾಕಿದ್ದು ಏನನ್ನೂ ಕೊಡಬೇಡಿ. ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ. ಈರುಳ್ಳಿ, ಚಾಕೊಲೇಟೂ ಕೂಡದು.

ಮಳೆ ಬಿಡುವು ಕೊಟ್ಟಾಗ ಅಡಿಕೆಗೆ ಔಷಧಿ ಹೊಡೆಯುವವರು ಬಂದರು. ಪಂಪಿನ ಸದ್ದು, ಪೈಪು ಎಳೆದಾಡುವುದು, ಮರದ ಮೇಲಿನಿಂದ ಮನುಷ್ಯರ ಕೂಗು. ಮೇಲಿನಿಂದ ಮಾತು ಕೇಳಿಸುವುದು ಮರಿಗೆ ಬಹಳ ವಿಚಿತ್ರ. ಜೋಗಿಯನ್ನು ಅಪ್ಪಯ್ಯ ಎತ್ತಿಕೊಂಡು ತೋಟದ ಮೇಲಿನ ದಾರಿಯಲ್ಲಿ ಕೂತರು, ಪಂಪು ದೂರದಲ್ಲಿ ಗುರ್ ಅನ್ನುವಷ್ಟೇ ಕೇಳುವ ಜಾಗದಲ್ಲಿ. ಸದ್ದು ಶುರುವಾದರೆ ತಿಂಡಿ, ನಿಂತರೆ ತಿಂಡಿಯೂ ಬಂದ್. ಡ್ರಮ್ಮಿನ ಹತ್ತಿರ ಮಾತ್ರ ಬಿಡಲಿಲ್ಲ. ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಚೆಲ್ಲಿದ್ದನ್ನು ಮರಿ ನೆಕ್ಕಿದರೆ ವಿಷ.

ಇಲ್ಲಿ ಲಸಿಕೆಯ ಪ್ರಶ್ನೆ ಬರುತ್ತದೆ. ಎಲ್ಲ ಇಂಜೆಕ್ಷನ್ ಮುಗಿಯುವ ತನಕ ಮರಿಯನ್ನು ಹೊರಗೆ ಬಿಡಬೇಡಿ ಅಂತ ಹೇಳುತ್ತಾರೆ. ಅದಕ್ಕೆ ಕಾರಣವೂ ಇದೆ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಲಸಿಕೆ ಆಗದ ಮರಿಗೆ ತಗುಲಿದರೆ ಉಳಿಯುವುದು ಕಷ್ಟ. ಲಸಿಕೆ 6-8 ವಾರಕ್ಕೆ ಶುರುವಾಗಿ, 3-4 ವಾರಕ್ಕೊಮ್ಮೆ ಕೊಡುತ್ತಾ, 16 ವಾರದ ತನಕ ಹೋಗುತ್ತದೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ನಮ್ಮ ಗದ್ದೆ ನೀರಿನ ಊರುಗಳಲ್ಲಿ ಇಲಿ ಜ್ವರದ ಲಸಿಕೆಯನ್ನು ಬಿಡಲೇಬಾರದು. ಆದರೆ ಲೆಕ್ಕ ಹಾಕಿ ನೋಡಿ. 16 ವಾರಕ್ಕೆ ಹೊರಗೆ ಬಿಟ್ಟರೆ 14 ವಾರದ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ 2008ರಲ್ಲೇ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿದೆ: ಮೊದಲ ಲಸಿಕೆ ಆಗಿ 7 ದಿನ ಕಳೆದು, ಜಂತುಹುಳದ ಔಷಧಿಯೂ ಆಗಿದ್ದರೆ, 7-8 ವಾರದ ಮರಿಯನ್ನೂ ಸ್ವಚ್ಛ ಜಾಗದಲ್ಲಿ ಬೇರೆಯವರ ಜೊತೆ ಬೆರೆಸಲು ಶುರು ಮಾಡಬಹುದು. ನಿಮ್ಮ ಊರಿನ ಡಾಕ್ಟರ ಹತ್ತಿರ ಕೂತು ಇದನ್ನು ಮಾತಾಡಿ. ನೆಲಕ್ಕೆ ಬಿಡದೆಯೂ ಎಷ್ಟೋ ತೋರಿಸಬಹುದು. ತೋಳಿನಲ್ಲಿ ಎತ್ತಿಕೊಂಡು, ಕಾರಿನ ಸೀಟಿನಲ್ಲಿ ಕೂರಿಸಿಕೊಂಡು, ಬುಟ್ಟಿಯಲ್ಲಿಟ್ಟುಕೊಂಡು.

ಹಾಗೆ ಜೋಗಿ ಶಿವಮೊಗ್ಗ ನೋಡಿದ್ದು. ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವ ನೆಪ, ಪೇಟೆ ತೋರಿಸುವ ಕೆಲಸ. ದಾರಿಯಲ್ಲಿ ಸಕ್ರೆಬೈಲು ಬರುತ್ತದೆ. ಆನೆ ಬಿಡಾರದ ಆನೆಗಳು ಸ್ನಾನಕ್ಕೆ ತುಂಗೆಗೆ ಇಳಿಯುವ ಹೊತ್ತು. ನಾವು ಕಾರನ್ನು ದೂರದಲ್ಲೇ ನಿಲ್ಲಿಸಿ ಗಾಜು ಒಂದಿಷ್ಟು ಇಳಿಸಿದೆವು. ಆನೆ ಅದಕ್ಕೆ ಕಾಣಿಸಲೇ ಇಲ್ಲ. ಆದರೆ ಮೂಗು ಗಾಜಿನ ಸಂದಿಗೆ ಹೋಯಿತು. ಹೊಳ್ಳೆಗಳು ಅರಳಿ ಮುಚ್ಚಿ ಅರಳಿ ಮುಚ್ಚಿ ಆಡುತ್ತಿದ್ದವು, ಹುಬ್ಬಿನ ನಡುವೆ ಗೆರೆ ಬಿದ್ದಿತ್ತು, ಒಂದು ಮುಂಗಾಲು ಗಾಳಿಯಲ್ಲೇ ನಿಂತಿತ್ತು. ಕೂಗಲಿಲ್ಲ. ಇಷ್ಟು ದೊಡ್ಡ ವಾಸನೆಗೆ ಏನು ಹೇಳಬೇಕು ಅಂತ ಅದಕ್ಕೆ ತೋಚಲಿಲ್ಲವೇನೋ. ನನಗೆ ಅದರ ಮೇಲೆ ಪ್ರೀತಿ ಗಟ್ಟಿಯಾಗಿದ್ದು ಆ ಗಾಜಿನ ಹತ್ತಿರ.

ಗಾಂಧಿ ಬಜಾರಿನ ಕೊನೆಯಲ್ಲಿ ಕಾರು ನಿಲ್ಲಿಸಿ ಸುಮ್ನೆ ಕೂತೆವು. ಆಟೋ ಹಾರ್ನು, ಬುರ್ಖಾ ಹಾಕಿದವರು, ಗಡ್ಡದವರು, ಊರುಗೋಲಿನ ಅಜ್ಜ, ತಳ್ಳುಗಾಡಿ, ಶಾಲೆ ಮಕ್ಕಳ ಗುಂಪು. ನಮ್ಮೂರಲ್ಲಿ ಒಂದು ವರ್ಷಕ್ಕೂ ಕಾಣದಷ್ಟು ಬಗೆಯ ಮನುಷ್ಯರು ಅಲ್ಲಿ ಅರ್ಧ ಗಂಟೆಯಲ್ಲಿ ದಾಟಿ ಹೋದರು. ಯಾರೂ ಅದನ್ನು ಮುಟ್ಟಬೇಕಾಗಿಲ್ಲ. ನೋಡಲಿ, ಮೂಸಲಿ, ಬೇಜಾರಾಗಿ ಮಲಗಲಿ. ಮಲಗಿತು ಕೂಡ. ಪೇಟೆಯ ಗಲಾಟೆಯ ನಡುವೆ ಮರಿಗೆ ನಿದ್ದೆ ಬಂದರೆ ಅವತ್ತಿನ ಕೆಲಸ ಚೆನ್ನಾಗಿ ಆಯಿತು ಅಂತ ಲೆಕ್ಕ. ಎಲ್ಲರ ಮೈಮೇಲೆ ಹಾರಿ ಮುಖ ನೆಕ್ಕುವ ನಾಯಿಯೇ ಚೆನ್ನಾಗಿ ಬೆರೆತ ನಾಯಿ ಅಂತ ಬಹಳ ಜನ ತಿಳಿದಿದ್ದಾರೆ. ಪಕ್ಕದಲ್ಲಿ ಜನ ಓಡಾಡಿದರೂ ತನ್ನ ಪಾಡಿಗೆ ಇರುವ ನಾಯಿಯನ್ನು ನಾನು ಅದಕ್ಕಿಂತ ಮೇಲೆ ಇಡುತ್ತೇನೆ.

ಈಗ ದೊಡ್ಡಮ್ಮನ ಮುಖ ಸಪ್ಪಗಾದ ವಿಷಯ. ಜೋಗಿಗೆ ಮೂರು ಬಗೆಯ ಬಾಯಿ ಇದೆ. ಒಂದು ಎಲ್ಲ ನಾಯಿಗಳ ಹಾಗೆ ಬೊಗಳುವುದು. ಇನ್ನೊಂದು ಜಾಡು ಸಿಕ್ಕಾಗಿನ ಆ ಉದ್ದದ ಕೂಗು. ಮೂರನೆಯದು ಒಂಟಿಯಾದಾಗ ಊಳಿಡುವುದು. ನಾಯಿ ಊಳಿಟ್ಟರೆ ಸಾವಿನ ಸೂಚನೆ ಅಂತ ನಮ್ಮ ಕಡೆ ನಂಬುತ್ತಾರೆ. ದೊಡ್ಡಮ್ಮನ ಮನೆಯಲ್ಲಿ ಆಗ ದೊಡ್ಡಪ್ಪ ಹಾಸಿಗೆ ಹಿಡಿದಿದ್ದರು. ಸುರಿಯುವ ಮಳೆ, ಕರೆಂಟಿಲ್ಲದ ರಾತ್ರಿ, ಒಳಗೆ ಉಸಿರಾಟದ ತೊಂದರೆಯ ಮನುಷ್ಯ, ಆಚೆ ಮನೆಯಿಂದ ನಾಯಿ ಊಳಿಡುವ ಸದ್ದು. ಅವರ ಜಾಗದಲ್ಲಿ ನಿಂತು ನೋಡಿದರೆ ಎದೆ ಝಲ್ಲೆನ್ನುತ್ತದೆ. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಹಳ್ಳಿಯಲ್ಲಿ ಕೂಗುವ ನಾಯಿ ಸಾಕುವವರು ಮರಿಗೆ ಊರನ್ನು ಪರಿಚಯ ಮಾಡಿಸಿದರಷ್ಟೇ ಸಾಲದು, ಊರಿಗೂ ಮರಿಯನ್ನು ಪರಿಚಯ ಮಾಡಿಸಬೇಕು.

ಅಮ್ಮ ಹೋಗಿ ದೊಡ್ಡಮ್ಮನ ಹತ್ತಿರ ನೇರವಾಗಿಯೇ ಮಾತಾಡಿದರು. ಇದು ಹಿಂಡಿನಲ್ಲಿ ಇರುವ ಜಾತಿ, ಒಂಟಿಯಾದರೆ ಉಳಿದವರನ್ನು ಕರೆಯುವುದು ಹೀಗೇ ಅಂತ. ಆಮೇಲೆ ಮಾಡಿದ ಕೆಲಸ ಎಂದರೆ ಜೋಗಿಯನ್ನು ರಾತ್ರಿ ಒಂಟಿಯಾಗಿ ಬಿಡದಿದ್ದುದು. ಕೊಟ್ಟಿಗೆ ಬೇಡ, ನಡುಮನೆಯಲ್ಲಿ ಅಪ್ಪಯ್ಯನ ಮಂಚದ ಕೆಳಗೆ ಹಾಸಿಗೆ. ಊಳಿಡುವುದು ಬಹುಮಟ್ಟಿಗೆ ಅಲ್ಲೇ ನಿಂತಿತು. ಕಾರಣ ತೆಗೆದರೆ ಸದ್ದು ಹೋಗುತ್ತದೆ. ಬೈದರೆ ಹೋಗುವುದಿಲ್ಲ, ಏಕೆಂದರೆ ಒಂಟಿ ಮರಿಗೆ ಬೈಗುಳವೂ ಯಾರೋ ಬಂದ ಹಾಗೆ. ಹಗಲಲ್ಲಿ ಒಂಟಿ ಇರಲು ಬೇರೆಯಾಗಿ ಕಲಿಸಿದೆವು. ಕಣ್ಣಿಗೆ ಮರೆಯಾಗುವುದು, ಅದು ಬಾಯಿ ತೆರೆಯುವ ಮುಂಚೆಯೇ ವಾಪಸ್ ಬರುವುದು, ನಿಧಾನವಾಗಿ ಹೊತ್ತು ಹೆಚ್ಚಿಸುವುದು. ಜೊತೆಗೆ ಅಡಿಕೆ ಹಾಳೆಯನ್ನು ಮಡಚಿ ಒಳಗೆ ತಿಂಡಿ ಸಿಕ್ಕಿಸಿ ಕೊಟ್ಟರೆ ಬಿಚ್ಚುತ್ತಾ ಕೂರುತ್ತಿತ್ತು.

ಉಳಿದ ಎರಡು ಬಾಯಿಗೆ ಉಪಾಯ ಬೇರೆ. ತಟ್ಟೆ ಮುಂದೆ ನಿಂತು "ಕೊಡು ಕೊಡು" ಅಂತ ಬೊಗಳಿದರೆ ಯಾರೂ ತಿರುಗಿ ನೋಡಬಾರದು. ಸುಮ್ಮನಾದ ಕ್ಷಣಕ್ಕೆ ಕೊಡಬೇಕು. ಮೊದಮೊದಲು ಇನ್ನೂ ಜೋರಾಗಿ ಬೊಗಳುತ್ತದೆ, ಆಗಲೇ ಮನೆಯ ಯಾರಾದರೊಬ್ಬರು ಸೋತು ಒಂದು ಚೂರು ಎಸೆದರೆ ಜೋರಾಗಿ ಬೊಗಳುವುದನ್ನೇ ಕಲಿಸಿದ ಹಾಗಾಯಿತು. ಯಾರೋ ಬಂದರು ಅಂತ ಕೂಗಿದರೆ ಅದು ಬೇರೆ. ಆಗ ನಾವು ಎದ್ದು ಹೋಗಿ ನೋಡುತ್ತೇವೆ. "ಆಯ್ತು, ನೋಡಿದೆ, ಸಾಕು" ಅನ್ನುತ್ತೇವೆ, ಒಳಗೆ ಕರೆದು ತಿಂಡಿ ಕೊಡುತ್ತೇವೆ. ಸುದ್ದಿ ಮುಟ್ಟಿತು ಅಂತ ಗೊತ್ತಾದರೆ ಹೌಂಡ್ ಸುಮ್ಮನಾಗುತ್ತದೆ. ಈಗ "ಸಾಕು" ಅಂದರೆ ಇನ್ನೊಂದು ಸಣ್ಣ ಗೊಣಗು ಗೊಣಗಿ ನಿಲ್ಲಿಸುತ್ತದೆ. ಆ ಕೊನೆಯ ಗೊಣಗನ್ನು ತೆಗೆಯಲು ನಾನು ಪ್ರಯತ್ನ ಪಡುವುದಿಲ್ಲ.

"ಎರಡು ಬಾರಿಸಿ, ಸರಿಯಾಗ್ತದೆ" ಅಂತ ಹೇಳಿದವರು ಬಹಳ. ಒಳ್ಳೆಯ ಮನಸ್ಸಿನವರೇ. ಆದರೆ ನೆಂಟರು ಬಂದಾಗ ಕೂಗಿದ್ದಕ್ಕೆ ಏಟು ಬಿದ್ದರೆ, ಮರಿಗೆ ಗೊತ್ತಾಗುವುದು ನೆಂಟರು ಬಂದರೆ ಏಟು ಬೀಳುತ್ತದೆ ಅಂತ. ಗುರ್ ಅಂದಿದ್ದಕ್ಕೆ ಹೊಡೆದರೆ ಗುರ್ ಅನ್ನುವುದನ್ನು ಬಿಡುತ್ತದೆ, ಹೆದರಿಕೆ ಬಿಡುವುದಿಲ್ಲ. ಮುಂದೊಂದು ದಿನ ಸೂಚನೆಯೇ ಕೊಡದೆ ಕಚ್ಚುತ್ತದೆ. ನಾನು ಈ ವಿಷಯದಲ್ಲಿ ಯಾರ ಜೊತೆಗೂ ರಾಜಿ ಆಗುವುದಿಲ್ಲ.

ನಾಯಿಗೆ ನಾಯಿಯ ಶಿಕ್ಷಣವೂ ಬೇಕು. ಕೆಳಗಿನ ಮನೆಯ ಮುದಿ ಹೆಣ್ಣುನಾಯಿ ಕಾಳಿ ಈ ಕೆಲಸ ಮಾಡಿತು. ಅದಕ್ಕೆ ಲಸಿಕೆ ಆಗಿತ್ತು, ಸ್ವಭಾವವೂ ನಿಧಾನ. ಜೋಗಿ ಅದರ ಕಿವಿ ಹಿಡಿದು ಎಳೆದರೆ ಮೊದಲು ಮುಖ ತಿರುಗಿಸುತ್ತಿತ್ತು, ಆಮೇಲೆ ತುಟಿ ಎತ್ತುತ್ತಿತ್ತು, ಮೂರನೇ ಸಲಕ್ಕೆ ಒಂದು ಗದರು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ನಾವು ಎಷ್ಟು ಹೇಳಿದರೂ ಅಷ್ಟು ಚೆನ್ನಾಗಿ ಹೇಳಿಕೊಡಲಾಗುತ್ತಿರಲಿಲ್ಲ.

ಭೂಮಿ ಹುಣ್ಣಿಮೆ ಕಳೆದು ದೀಪಾವಳಿ ಬಂತು. ರಾತ್ರಿ ಅಂಟಿಗೆ-ಪಿಂಟಿಗೆಯವರು ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಬರುತ್ತಾರೆ. ಕತ್ತಲೆಯಲ್ಲಿ ಬೆಳಕು, ಕಂಬಳಿ ಹೊದ್ದ ಗಂಡಸರು, ಎಲ್ಲರೂ ಒಟ್ಟಿಗೆ ಎತ್ತಿದ ದನಿ. ಕೂಗುವ ಮರಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಆದರೆ ಆ ಗುಂಪಿನಲ್ಲಿದ್ದ ಬಹಳ ಜನ ಮಳೆಗಾಲದಲ್ಲಿ ನಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತು ಜೋಗಿಗೆ ತಿಂಡಿ ಹಾಕಿದವರೇ. ಹಾಡು ಶುರುವಾದಾಗ ಜೋಗಿಯೂ ಶುರು ಮಾಡಿತು. ಗುಂಪಿನ ಹಿರಿಯರು ಹಾಡು ನಿಲ್ಲಿಸಲಿಲ್ಲ, ಕೈಯನ್ನಷ್ಟೇ ಕೆಳಗೆ ಚಾಚಿದರು. ಮೂಸಿತು, ಗುರುತು ಸಿಕ್ಕಿತು, ಬಾಲ ಆಡಿತು. ದೀಪಕ್ಕೆ ಎಣ್ಣೆ ಹಾಕಿ ಅವರು ಹೊರಡುವ ತನಕ ಅಮ್ಮನ ಕಾಲ ಹತ್ತಿರ ಕೂತಿತ್ತು. ಪಟಾಕಿಗೆ ಮಾತ್ರ ನಾವು ಅದನ್ನು ಪರೀಕ್ಷೆಗೆ ಒಡ್ಡಲಿಲ್ಲ. ಆ ಹೊತ್ತಿನಲ್ಲಿ ಒಳಕೋಣೆಯ ಬಾಗಿಲು ಹಾಕಿ, ರೇಡಿಯೋ ಜೋರು ಮಾಡಿ, ಜೊತೆಗೆ ಒಬ್ಬರು ಕೂತರು. ಎಲ್ಲವನ್ನೂ ರೂಢಿ ಮಾಡಿಸಲೇಬೇಕು ಅಂತ ಇಲ್ಲ.

ಕೊನೆ ಕೊಯ್ಲು, ಅಡಿಕೆ ಸುಲಿತ ಎಲ್ಲ ಸಲೀಸಾಗಿ ಕಳೆಯಿತು. ಕಾರ್ಬನ್ ಫೈಬರ್ ದೋಟಿ, ದೊಪ್ಪೆಂದು ಬೀಳುವ ಗೊನೆ, ಮೆಟ್ಟುಕತ್ತಿ ಇಟ್ಟುಕೊಂಡು ಸಾಲಾಗಿ ಕೂತ ಜನ, ಯಾವುದಕ್ಕೂ ಅದು ತಲೆ ಕೆಡಿಸಿಕೊಳ್ಳಲಿಲ್ಲ. ಸುಲಿಯುವವರ ನಡುವೆ ಓಡಾಡಿ ಎಲ್ಲರ ಬುತ್ತಿ ಮೂಸುವುದೇ ಕೆಲಸ.

ಕಷ್ಟ ಬಂದಿದ್ದು ಕಾಡಿನ ಕಡೆಯಿಂದ. ಹಿಮ ಬೀಳುವ ಬೆಳಗ್ಗೆ ನೆಲದ ಮೇಲೆ ವಾಸನೆ ನಿಂತಿರುತ್ತದೆ. ಮೊಲ, ಕಾಡುಹಂದಿ, ಮುಳ್ಳುಹಂದಿ, ಎಲ್ಲದರ ಜಾಡೂ ನಮ್ಮ ತೋಟದ ಅಂಚಿನಲ್ಲೇ ಹೋಗುತ್ತದೆ. ಅಜ್ಜನ ಕಾಲದಲ್ಲಾದರೆ ಇಂಥ ನಾಯಿಗೆ ಎಲ್ಲಿಲ್ಲದ ಬೆಲೆ. ಈಗ ಬೇಟೆ ಅಪರಾಧ, 1972ರಿಂದ ಕಾಯ್ದೆ ಇದೆ. ಆಗಬೇಕಾದ್ದೂ ಹಾಗೇ. ಅದೂ ಅಲ್ಲದೆ ಚಿರತೆಗೆ ನಾಯಿ ಅಂದರೆ ಸುಲಭದ ಊಟ. ಹಂದಿಗೆ ಅಂತ ಇಟ್ಟ ಸಿಡಿಮದ್ದು ಕಚ್ಚಿ ಸತ್ತ ನಾಯಿಗಳ ಕಥೆ ಎಲ್ಲ ಊರಲ್ಲೂ ಇದೆ. ಒಣಗಾಲ ಶುರುವಾದರೆ ಉಣ್ಣೆ ಕಾಟ. ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗುರುತಾಗಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡು ಸುತ್ತಿ ಬಂದ ನಾಯಿಯ ಮೈಯಲ್ಲಿ ಉಣ್ಣೆ ಮನೆಯೊಳಗೂ ಬರುತ್ತದೆ. ಹಾಗಾಗಿ ಜೋಗಿಗೆ ಎದೆಪಟ್ಟಿ ಹಾಕಿ ಉದ್ದದ ಹಗ್ಗ ಕಟ್ಟಿಯೇ ತೋಟಕ್ಕೆ ಕರೆದುಕೊಂಡು ಹೋಗುವುದು. ಹಗ್ಗದಷ್ಟು ದೂರ ಎಷ್ಟು ಬೇಕಾದರೂ ಮೂಸಲಿ, ಕೂಗಲಿ. ಕರೆದಾಗ ಬಂದರೆ ತಿಂಡಿ ಕೊಟ್ಟು ಮತ್ತೆ ಮೂಸಲು ಬಿಡುತ್ತೇನೆ. ಬಂದರೆ ಆಟ ಮುಗಿಯುತ್ತದೆ ಅಂತಾದರೆ ಯಾವ ಹೌಂಡೂ ಬರುವುದಿಲ್ಲ. ಮನೆಗೆ ಬಂದ ಮೇಲೆ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕುವುದು ಅಪ್ಪಯ್ಯನ ಕೆಲಸ.

ಇಷ್ಟೆಲ್ಲ ಆದ ಮೇಲೆ ಈ ಬೇಸಿಗೆಯಲ್ಲಿ ಜೋಗಿಗೆ ಮತ್ತೆ ಹೆದರಿಕೆ ಶುರುವಾಗಿದೆ. ಆರು ತಿಂಗಳಿನಿಂದ ಒಂದು ವರ್ಷದ ಆಚೀಚೆ, ವಯಸ್ಸಿಗೆ ಬರುತ್ತಿರುವ ನಾಯಿಗಳಲ್ಲಿ ಇದು ಮಾಮೂಲು. ನಿನ್ನೆ ತನಕ ಸರಿಯಿದ್ದ ವಸ್ತು ಇದ್ದಕ್ಕಿದ್ದ ಹಾಗೆ ಭೂತವಾಗುತ್ತದೆ. ಜೋಗಿಗೆ ಅದು ಹೆಲ್ಮೆಟ್. ಗ್ಯಾಸ್ ಸಿಲಿಂಡರ್ ತರುವ ಹುಡುಗ, ಅಂಚೆಯವರು, ಯಾರೇ ಹೆಲ್ಮೆಟ್ ಹಾಕಿ ದಣಪೆ ದಾಟಿದರೂ ಮೊದಲ ದಿನದ ಅದೇ ಕೂಗು. ಹಳೆಯ ಹೆಲ್ಮೆಟ್ ಒಂದನ್ನು ಈಗ ಜಗಲಿಯಲ್ಲಿ ಮಗುಚಿ ಇಟ್ಟು ಅದರೊಳಗೇ ಜೋಗಿಯ ಬೆಳಗಿನ ಊಟ ಹಾಕುತ್ತಿದ್ದೇವೆ. ಅಪ್ಪಯ್ಯ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಪೇಪರ್ ಓದುವ ಹಂತಕ್ಕೆ ಬಂದಿದೆ. ಮುಂದಿನ ವಾರ ತಲೆಗೆ ಹಾಕಿಕೊಂಡು ಅಂಗಳದ ಆ ತುದಿಯಲ್ಲಿ ನಿಲ್ಲುತ್ತಾರಂತೆ. ನಮ್ಮನೆಗೆ ಬರುವವರು ಅಲ್ಲಿಯ ತನಕ ದಯವಿಟ್ಟು ಹೆಲ್ಮೆಟನ್ನು ದಣಪೆಯ ಹತ್ತಿರವೇ ತೆಗೆದು, ಜೋಗಿಯ ಕಡೆ ನೋಡದೆ, ಮೆಟ್ಟಿಲ ಮೇಲೆ ಒಂದೆರಡು ನಿಮಿಷ ಕೂತು ಒಳಗೆ ಬನ್ನಿ. ಕಾಫಿ ಅಲ್ಲಿಗೇ ತರುತ್ತೇವೆ.